ಭಾನುವಾರದ ಬಿರಿಯಾನಿ, ಸೋಮವಾರದ ಹೊಸಕೋಟೆ

ಎಲ್ಲಿಗೆ ಹೋಗಬೇಕು, ಏನು ತಿನ್ನಬೇಕು, ಎಷ್ಟು ಗಂಟೆಗೆ ಹೊರಟರೆ ಟ್ರಾಫಿಕ್ ಕಡಿಮೆ, ಎಲ್ಲಿ ನಿಂತರೆ ಫೋಟೊ ಚೆನ್ನಾಗಿ ಬರುತ್ತದೆ - ವಾರಾಂತ್ಯ ಬಂತೆಂದರೆ ಪತ್ರಿಕೆಗಳ ಪುರವಣಿಗಳಲ್ಲಿ, ಮೊಬೈಲಿನ ವೀಡಿಯೊಗಳಲ್ಲಿ ಈ ಬಗೆಯ ಬರವಣಿಗೆ ತಪ್ಪದೆ ಕಾಣಿಸಿಕೊಳ್ಳುತ್ತದೆ. ಇದನ್ನು ಸಾಹಿತ್ಯವೆಂದು ಯಾರೂ ಕರೆಯುವುದಿಲ್ಲ. ಆದ್ದರಿಂದ ವಿಮರ್ಶಕರೂ ಇದರ ಗೊಡವೆಗೆ ಹೋಗುವುದು ಅಪರೂಪ. ಆದರೆ ರಜೆಯ ದಿನ ಹಾಸಿಗೆಯಿಂದೆಬ್ಬಿಸಿ, ನಸುಕಿನಲ್ಲಿ ಮೂವತ್ತು ನಲವತ್ತು ಕಿಲೋಮೀಟರ್ ಓಡಿಸುವ ಶಕ್ತಿ ಎಷ್ಟು ಪುಸ್ತಕಗಳಿಗಿದೆ? ಓದಿದವರು ಅದರಂತೆ ನಡೆಯುವ ಬರವಣಿಗೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಅದು ನಮಗೆ ಏನನ್ನು ತೋರಿಸುತ್ತದೆ, ಏನನ್ನು ಮರೆಸುತ್ತದೆ ಎಂದು ಕೇಳಬೇಕಾಗಿದೆ.

ಇದರ ಕಣ್ಣಿಗೆ ಮೊದಲು ಬೀಳುವುದು ಬೆಂಗಳೂರಿನ ಸುತ್ತಲ ನೆಲ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ರಚನೆಯಾಯಿತು. 2007ರಲ್ಲಿ ರಾಮನಗರ ಬೇರೆಯಾದ ಮೇಲೆ ಅದರಲ್ಲಿ ಉಳಿದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು. ವಾರಾಂತ್ಯದ ಮಾರ್ಗದರ್ಶಿಗಳ ಪಾಲಿಗೆ ಇವು ಊರುಗಳಲ್ಲ, ದಾರಿಗಳು. ನೆಲಮಂಗಲವೆಂದರೆ ಶಿವಗಂಗೆ, ದೊಡ್ಡಬಳ್ಳಾಪುರವೆಂದರೆ ಘಾಟಿ ಸುಬ್ರಹ್ಮಣ್ಯ ಇಲ್ಲವೇ ಮಾಕಳಿದುರ್ಗ, ದೇವನಹಳ್ಳಿಯೆಂದರೆ ನಂದಿಬೆಟ್ಟಕ್ಕೆ ಹೋಗುವ ರಸ್ತೆ, ಹೊಸಕೋಟೆಯೆಂದರೆ ಬಿರಿಯಾನಿ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಸದ್ದಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಅದನ್ನು ತಿನ್ನಲಾಗದು, ಅದರ ಮುಂದೆ ನಿಂತು ಸೂರ್ಯೋದಯವನ್ನೂ ನೋಡಲಾಗದು.

ಹೊಸಕೋಟೆಯನ್ನೇ ತೆಗೆದುಕೊಳ್ಳೋಣ. 2020ರ ಅಕ್ಟೋಬರ್‌ನ ಒಂದು ಭಾನುವಾರ ಅಲ್ಲಿನ ಆನಂದ್ ದಮ್ ಬಿರಿಯಾನಿ ಹೋಟೆಲಿನ ಮುಂದೆ ಸುಮಾರು ಒಂದೂವರೆ ಕಿಲೋಮೀಟರ್ ಸಾಲು ನಿಂತಿತೆಂಬ ಸುದ್ದಿ ದೇಶವೆಲ್ಲ ಹರಡಿತು. ಕೋವಿಡ್‌ನ ಕಾಲವದು. ನಸುಕಿನಿಂದಲೇ ಜನ ಕಾದಿದ್ದರು. ಸಾಲಿನ ಉದ್ದ ಸುದ್ದಿಯಾಯಿತು, ಕಾದ ಹೊತ್ತು ಸುದ್ದಿಯಾಯಿತು, ದಿನಕ್ಕೆಷ್ಟು ಬಿರಿಯಾನಿ ಖರ್ಚಾಗುತ್ತದೆಂಬ ಲೆಕ್ಕವೂ ಸುದ್ದಿಯಾಯಿತು. ಮಾಡಿದ ಕೈಗಳು ಮಾತ್ರ ಸುದ್ದಿಯಾಗಲಿಲ್ಲ.

ದಮ್ ಬಿರಿಯಾನಿ ಅವಸರದ ಅಡುಗೆಯಲ್ಲ. ಮಸಾಲೆಯಲ್ಲಿ ಮಾಂಸ ಬೇಯಬೇಕು. ಅಕ್ಕಿ ಮುಕ್ಕಾಲು ಬೆಂದ ಹದ ನೋಡಿ ಬಸಿದು, ಅದರ ಮೇಲೆ ಹರಡಬೇಕು. ದೇಗ್‌ನ ಬಾಯಿ ಬಿಗಿಯಾಗಿ ಮುಚ್ಚಿ, ಕೆಳಗೂ ಮೇಲೂ ಕೆಂಡವಿಟ್ಟು ಕಾಯಬೇಕು. ನಸುಕಿಗೆ ಮುಚ್ಚಳ ತೆಗೆಯಬೇಕಾದರೆ ಈರುಳ್ಳಿ ಹೆಚ್ಚುವವರು ಹಿಂದಿನ ರಾತ್ರಿಯೇ ಕೂರಬೇಕು, ಬಾವರ್ಚಿ ನಡುರಾತ್ರಿಯಲ್ಲೇ ಒಲೆ ಹೊತ್ತಿಸಬೇಕು. ನಗರದವರ ವಾರಾಂತ್ಯ ಶುರುವಾಗುವುದೇ ಇವರ ನಿದ್ದೆಗೆಟ್ಟ ರಾತ್ರಿಯಿಂದ. ರುಚಿಯನ್ನು ಅಷ್ಟೊಂದು ವಿಶೇಷಣಗಳಲ್ಲಿ ಬಣ್ಣಿಸುವ ಬರವಣಿಗೆಗೆ ಈ ಕೂಲಿಯ ಕುರಿತು ಒಂದು ವಾಕ್ಯ ಸಿಗದಿರುವುದು ಬರೀ ಮರೆವಲ್ಲ. ತಟ್ಟೆಯಿಂದ ಕಣ್ಣೆತ್ತದಿರುವುದು ಅದರ ಗುಣವೇ ಆಗಿಬಿಟ್ಟಿದೆ.

ಇನ್ನೊಂದು ಮಾತಿದೆ. ಮುಸ್ಲಿಮರ ಮದುವೆಮನೆಯ ಅಡುಗೆಯೆಂದು ನಾವೆಲ್ಲ ಕಂಡಿದ್ದ ಬಿರಿಯಾನಿ ಇಂದು ಎಲ್ಲರದು. ಹೊಸಕೋಟೆಯ ಹೆಸರಾಂತ ಹೋಟೆಲುಗಳ ಫಲಕಗಳಲ್ಲಿ ಆನಂದ್ ಎಂದಿದೆ, ಮಣಿ ಎಂದಿದೆ. ಸಾಲಿನಲ್ಲಿ ನಿಂತವರ ಜಾತಿ ಧರ್ಮವನ್ನು ಯಾರೂ ಕೇಳುವುದಿಲ್ಲ. ಇದನ್ನು ಕಂಡು ಬಿರಿಯಾನಿಯೇ ಸೌಹಾರ್ದದ ಸೇತುವೆ ಎಂದು ಸಂಭ್ರಮಿಸುವವರಿದ್ದಾರೆ. ಸಂಭ್ರಮಕ್ಕೆ ಅವಸರ ಬೇಡ. ಆ ಸಾಲು ಸುದ್ದಿಯಾಗಿ ಎರಡು ವರ್ಷ ತುಂಬುವ ಮೊದಲೇ, 2022ರ ಯುಗಾದಿಯ ಹೊತ್ತಿಗೆ, ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಕರೆ ಇದೇ ರಾಜ್ಯದಲ್ಲಿ ಕೇಳಿಬಂತು. ಬಿರಿಯಾನಿಯ ಮೇಲಿನ ಪ್ರೀತಿ ಅಂಥ ಕರೆಯನ್ನು ತಡೆಯುವಷ್ಟು ಗಟ್ಟಿಯಾಗಿರಲಿಲ್ಲ. ಒಂದು ಸಮುದಾಯದ ಅಡುಗೆಯನ್ನು ಮೆಚ್ಚುವುದೂ ಆ ಸಮುದಾಯವನ್ನು ಅರಿಯುವುದೂ ಬೇರೆ ಬೇರೆ. ತಿಂದು, ಕೈ ತೊಳೆದು, ಕಾರು ಹತ್ತುವುದರೊಳಗೆ ಅರಿವು ಹುಟ್ಟುವುದಿಲ್ಲ. ಪಕ್ಕದಲ್ಲಿ ನಿಂತವನೊಡನೆ ನಾಲ್ಕು ಮಾತಾಡಿದರೆ ಹುಟ್ಟೀತು. ಆದರೆ ಮಾರ್ಗದರ್ಶಿಗಳ ಸಲಹೆಯಲ್ಲಿ ಮಾತಾಡುವುದು ಸೇರಿಲ್ಲ.

ದೇವನಹಳ್ಳಿಯ ಕಡೆ ಹೊರಟರೆ ಕಥೆ ಇನ್ನೂ ಗಂಭೀರವಾಗುತ್ತದೆ. ಕೋಟೆಯ ಬಳಿ ಟಿಪ್ಪು ಸುಲ್ತಾನ್ ಹುಟ್ಟಿದ ಸ್ಥಳವೆಂದು ಗುರುತಿಸಿದ ಪುಟ್ಟ ಮಂಟಪದ ಮುಂದೆ ಒಂದು ಫೋಟೊ, ಆಮೇಲೆ ನಂದಿಬೆಟ್ಟದ ಮಂಜು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ದಾರಿ ಇನ್ನಷ್ಟು ನುಣುಪಾಯಿತು. ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಪಡೆಯಲು ಸರ್ಕಾರ ಮುಂದಾದಾಗ, 2022ರಲ್ಲಿ ರೈತರು ಧರಣಿ ಕೂತರು. ಮೂರು ವರ್ಷಕ್ಕೂ ಮೀರಿ ಕೂತರು. ಅಷ್ಟು ವರ್ಷಗಳ ಶನಿವಾರ ಭಾನುವಾರಗಳಲ್ಲಿ ಎಷ್ಟೊಂದು ಕಾರುಗಳು ಇದೇ ತಾಲ್ಲೂಕನ್ನು ಹಾದು ಬೆಟ್ಟ ಹತ್ತಿ ಇಳಿದವು! ದಾರಿಬದಿಯ ಹಸಿರನ್ನು ಮೆಚ್ಚಿ ಬರೆದವರಿಗೆ ಆ ಹಸಿರಿಗೆ ಒಡೆಯರಿದ್ದಾರೆ, ಅದು ಅವರ ಅನ್ನ ಎಂಬುದು ಹೊಳೆದಂತೆ ಕಾಣಲಿಲ್ಲ. 2025ರ ಜುಲೈ 2ರಂದು ಸಚಿವ ಸಂಪುಟ ನಂದಿಬೆಟ್ಟದಲ್ಲೇ ಸಭೆ ಸೇರಿ, ಬೆಂಗಳೂರು ಗ್ರಾಮಾಂತರಕ್ಕೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಒಪ್ಪಿತು. ಜುಲೈ 15ರಂದು ಭೂಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು. ನೆಲ ಉಳಿಸಿಕೊಂಡವರು ಅದನ್ನು ಉಳುವವರು. ಅದನ್ನು ನೋಡಿ ಆನಂದಿಸಿದವರ ಪಾತ್ರ ಅದರಲ್ಲಿ ಎಷ್ಟಿತ್ತು ಎಂದು ಅವರೇ ಕೇಳಿಕೊಳ್ಳಬೇಕು.

ಹೀಗೆಂದ ಮಾತ್ರಕ್ಕೆ ತಿರುಗಾಟವೇ ತಪ್ಪು, ಹೊರಗೆ ತಿನ್ನುವುದೇ ದುಂದುವೆಚ್ಚ ಎಂಬ ಉಪದೇಶ ನಮ್ಮದಲ್ಲ. ವಾರವಿಡೀ ಕಂಪ್ಯೂಟರಿನ ಮುಂದೆ, ಗಾರ್ಮೆಂಟ್ಸ್‌ನ ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿದವರಿಗೆ ಒಂದು ದಿನದ ಗಾಳಿ, ಒಂದು ತಟ್ಟೆ ರುಚಿ ಬೇಕೇ ಬೇಕು. ಆ ಸಾಲಿನಿಂದ ಹೊಸಕೋಟೆಯ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ದಾರಿಬದಿಯಲ್ಲಿ ದ್ರಾಕ್ಷಿ, ಚಕ್ಕೋತ ಮಾರುವವರಿಗೂ ಭಾನುವಾರವೇ ಹಬ್ಬ. ನಮ್ಮ ತಕರಾರು ಹೋಗುವವರ ಮೇಲಲ್ಲ, ಅವರಿಗೆ ದಾರಿ ತೋರಿಸುವ ಬರವಣಿಗೆಯ ಮೇಲೆ. ಊರೊಂದನ್ನು ರುಚಿಗೆ, ನೋಟಕ್ಕೆ ಇಳಿಸಿಬಿಟ್ಟರೆ ಅಲ್ಲಿ ಬದುಕುವವರು ಹಿನ್ನೆಲೆಯ ಚಿತ್ರವಾಗುತ್ತಾರೆ. ಹಿನ್ನೆಲೆಯ ಚಿತ್ರಕ್ಕೆ ಕಷ್ಟ ಬಂದರೆ ಯಾರೂ ಕೇಳುವುದಿಲ್ಲ. ಮಾಂಸದಂಗಡಿಯವನಿಗೆ ಬಹಿಷ್ಕಾರ ಬಂದಾಗಲೂ, ರೈತನ ಜಮೀನಿಗೆ ನೋಟಿಸು ಬಂದಾಗಲೂ ಭಾನುವಾರದ ಅತಿಥಿಗಳು ಸುಮ್ಮನಿದ್ದುದಕ್ಕೆ ಇದೂ ಒಂದು ಕಾರಣ.

ನಾವು ಕೇಳುವುದು ದೊಡ್ಡದೇನಲ್ಲ. ಬಿರಿಯಾನಿಯ ಬಗ್ಗೆ ಹತ್ತು ಸಾಲು ಬರೆಯುವವರು ಬಾವರ್ಚಿಯ ಬಗ್ಗೆ ಎರಡು ಸಾಲು ಬರೆಯಲಿ. ನಂದಿಯ ಮಂಜನ್ನು ತೋರಿಸುವ ವೀಡಿಯೊ, ದಾರಿಯ ಹಳ್ಳಿಯೊಂದರ ಹೆಸರನ್ನಾದರೂ ಹೇಳಲಿ. ಓದುಗರೂ ಮುಂದಿನ ಸಲ ಹೊಸಕೋಟೆಗೆ ಹೋದಾಗ, ತಟ್ಟೆ ಇಟ್ಟುಹೋದವರ ಊರು ಯಾವುದು, ಮನೆಗೆ ಹೋಗುವುದು ಎಷ್ಟು ಹೊತ್ತಿಗೆ ಎಂದು ಕೇಳಲಿ. ಸೋಮವಾರವೂ ಆ ಊರು ಅಲ್ಲೇ ಇರುತ್ತದೆ.