ನಾಗರಿಕ ಸಮಾಜದ ಗದ್ಯ

'ನಾಗರಿಕ ಸಮಾಜ' ಎಂಬ ಮಾತು ನಮ್ಮ ನಡುವೆ ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂದರೆ, ಅದರೊಳಗೆ ಕೇರಿ ಇದೆಯೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. 'ಸುಶಾಸನ', 'ಸಬಲೀಕರಣ', 'ಫಲಾನುಭವಿ'ಗಳ ಜೊತೆಗೆ ವಿದೇಶಿ ನೆರವಿನ ಬೆನ್ನೇರಿ ಚಲಾವಣೆಗೆ ಬಂದ ಮಾತಿದು. ಕಥೆ ಕವಿತೆಗಳಷ್ಟೇ ಎಚ್ಚರದಿಂದ ಪ್ರಾಜೆಕ್ಟ್ ವರದಿಗಳನ್ನೂ ದಲಿತ ವಿಮರ್ಶೆ ಓದಬೇಕು ಎಂಬುದು ನನ್ನ ವಾದ. ಆ ಗದ್ಯದಲ್ಲಿ ದಲಿತ ಕರ್ತೃವಲ್ಲ. ಅವನಿಗೆ ತರಬೇತಿ ಕೊಡಲಾಗುತ್ತದೆ, ಅವಳಲ್ಲಿ ಅರಿವು ಮೂಡಿಸಲಾಗುತ್ತದೆ. ನೀರು ಮುಟ್ಟಲು ಬಿಡದವನು ಯಾರು, ಯಾವ ಜಾತಿಯವನು? ಆ ವಾಕ್ಯಗಳಲ್ಲಿ ಅವನು ಕಾಣಿಸುವುದೇ ಇಲ್ಲ.

ಅಂಬೇಡ್ಕರ್ 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. 1927ರಲ್ಲಿ ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಶಿಕ್ಷಣ, ಸಂಘಟನೆ, ಹೋರಾಟ ಎಂಬ ಮೂರರಲ್ಲಿ ನೆರವಿನ ಭಾಷೆಗೆ ಒಗ್ಗಿದ್ದು ಮೊದಲ ಎರಡು. ಮೂರನೆಯದಕ್ಕೆ ಕಾನೂನೇ ಕತ್ತರಿ ಹಾಕಿತು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ ಬಂದ ವಿದೇಶಿ ವಂತಿಗೆ ಕಾಯ್ದೆಯ ಜಾಗಕ್ಕೆ 2010ರಲ್ಲಿ ಹೊಸದು ಬಂತು. ಅದರ 2011ರ ನಿಯಮಗಳ ಪ್ರಕಾರ ಬಂದ್, ಹರತಾಳ, ರಸ್ತಾ ರೋಕೋ, ಜೈಲ್ ಭರೋಗಳನ್ನು ರೂಢಿ ಮಾಡಿಕೊಂಡ ಸಂಸ್ಥೆಯನ್ನು 'ರಾಜಕೀಯ ಸ್ವರೂಪದ್ದು' ಅಂತ ಸಾರಿ ಹಣ ನಿಲ್ಲಿಸಬಹುದಿತ್ತು. ಪಕ್ಷ ರಾಜಕೀಯದ ನಂಟಿಲ್ಲದವರಿಗೆ ಇದು ತಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ. ಅಷ್ಟು ಹೊತ್ತಿಗೆ ಧರಣಿ ಹೋಗಿ ಕಾರ್ಯಾಗಾರ ಬಂದಿತ್ತು.

ಹಾಗಂತ 'ಪರದೇಶದ ದುಡ್ಡು ಬೇಡ' ಎನ್ನುವ ದೇಶಭಕ್ತರ ಪಕ್ಕ ಹೋಗಿ ನಿಲ್ಲಲಾರೆ. 2001ರ ಡರ್ಬನ್ ಜನಾಂಗಭೇದ ವಿರೋಧಿ ಸಮ್ಮೇಳನದಲ್ಲಿ ಜಾತಿಯ ಮಾತು ಬರಕೂಡದು ಎಂದು ಹಠ ಹಿಡಿದದ್ದು ನಮ್ಮ ಸರ್ಕಾರವೇ. ಗುಜರಾತಿನ ಹಳ್ಳಿಗಳಲ್ಲಿ ಅಸ್ಪೃಶ್ಯತೆಯನ್ನು ದಾಖಲಿಸಿದ ನವಸರ್ಜನ್ ಸಂಸ್ಥೆಯ ವಿದೇಶಿ ವಂತಿಗೆ ನೋಂದಣಿ 2016ರಲ್ಲಿ ರದ್ದಾಯಿತು. ದೇಸಿ ದುಡ್ಡೇ ಸಾಕಂತೆ! ಗುಡಿ ಕಟ್ಟಲು ಕೊಡುವ ಊರಗೌಡ, ನಾವು ಗುಡಿಯೊಳಕ್ಕೆ ಹೋಗೋದಕ್ಕೂ ಕೊಡ್ತಾನಾ?

2020ರ ತಿದ್ದುಪಡಿ ಬಂದ ಮೇಲೆ ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಹೋಬಳಿಯ ಹುಡುಗರ ಸಂಘಕ್ಕಿದ್ದ ಸಣ್ಣ ದಾರಿಯೂ ಮುಚ್ಚಿತು. ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲ ನಗರದವರು ಉಳಿದರು. (ಅವರೇ ನಿಜವಾದ ನಾಗರಿಕರು ಅನ್ನಿ.) 1961ರಿಂದ ನಡೆದುಬಂದ ಯುಎಸ್‌ಏಡ್ ಅನ್ನು ಅಮೆರಿಕ 2025ರಲ್ಲಿ ಮುಚ್ಚಿತು. ಅಲ್ಲೊಂದು ಚುನಾವಣೆ ತಿರುಗಿದರೆ ಎಷ್ಟೋ ದೇಶಗಳ 'ಪ್ರಜಾಪ್ರಭುತ್ವ ಬಲವರ್ಧನೆ' ನಿಂತುಹೋಗುತ್ತೆ ಅಂದರೆ ಅದು ಯಾರ ಪ್ರಜಾಪ್ರಭುತ್ವ?

ಚಂದಾ ಎತ್ತಿದ ಸಂಘ ಕೇರಿಯ ಮುಂದೆ ಲೆಕ್ಕ ಒಪ್ಪಿಸಬೇಕಿತ್ತು. ಪ್ರಾಜೆಕ್ಟಿನ ಲೆಕ್ಕ ದಾನಿಗೂ ಗೃಹ ಇಲಾಖೆಗೂ ಹೋಗುತ್ತದೆ. ಅದನ್ನು ಕನ್ನಡದಲ್ಲಿ ಬರೆದು, ಕೇರಿಯ ಕಟ್ಟೆಯ ಮೇಲೆ ಓದಿ ಹೇಳುವ ಸಂಸ್ಥೆಗಳ ಜೊತೆ ನನ್ನ ಜಗಳವಿಲ್ಲ.