ಕೊಳೆರೋಗದ ಚರಿತ್ರೆಯೂ ಜೀವಕೋಶದ ಮರಣವೂ: ಒಂದು ವಿಮರ್ಶೆ

ಅಡಕೆಯ ಕೊಳೆರೋಗವನ್ನು ಕುರಿತು ಲೆಸ್ಲಿ ಕೋಲ್ಮನ್ನರು 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೂಲಕ ಪ್ರಕಟಿಸಿದ ಬುಲೆಟಿನ್ನು ನಮ್ಮ ನಾಡಿನ ಸಸ್ಯರೋಗಶಾಸ್ತ್ರಕ್ಕೆ ಆಕರಗ್ರಂಥವಾಗಿದೆ. ಕಾರ್ಕಳ, ಉಡುಪಿಗಳ ತೋಟಗಳು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದುವು. ಆದರೂ ಘಟ್ಟದ ಮೇಲಿನ ವಿದ್ಯೆಗೆ ಆ ಗಡಿಯು ಅಡ್ಡಬರಲಿಲ್ಲ. ಮಳೆಗೆ ಮುನ್ನ ಗೊನೆಗಳಿಗೆ ಮೈಲುತುತ್ತ, ಸುಣ್ಣಗಳ ಬೋರ್ಡೊ ದ್ರಾವಣವನ್ನು ಸಿಂಪಡಿಸುವ ಕ್ರಮವು ಇಂದಿಗೂ ಇಲ್ಲಿ ನಡೆದಿದೆ.

ಆದರೆ ಈ ಪರಂಪರೆಯ ಬರವಣಿಗೆಯಲ್ಲಿ ರೋಗಾಣುವಿನ ಜೀವನಕ್ರಮವೂ ಔಷಧದ ಕ್ರಮವೂ ಬರುವಷ್ಟು ವಿವರವಾಗಿ ಸಸ್ಯದ ಪಾತ್ರವು ಬರುವುದಿಲ್ಲ. ಅಡಕೆಕಾಯಿಯು ಔಷಧವನ್ನು ಹೊರುವ ಮೈಯಾಗಿ ಮಾತ್ರ ಉಳಿಯುತ್ತದೆ. ಇದನ್ನು ಕೋಲ್ಮನ್ನರೊಬ್ಬರ ಲೋಪವೆಂದರೆ ಅನ್ಯಾಯವಾದೀತು. ಸೋಂಕು ತಗಲಿದೆಡೆಯ ಕೋಶಗಳು ಬೇಗನೆ ಸತ್ತರೆ ರೋಗವು ಅಲ್ಲಿಯೇ ತಡೆಯಲ್ಪಡುವುದನ್ನು ಮಾರ್ಷಲ್ ವಾರ್ಡರು 1902ರಲ್ಲಿಯೇ ಹುಲ್ಲಿನ ತುಕ್ಕುರೋಗದಲ್ಲಿ ಗಮನಿಸಿದ್ದರೂ, ಸ್ಟೇಕ್‌ಮನ್ನರು ಅದಕ್ಕೆ ‘ಅತಿಸಂವೇದನೆ’ ಎಂಬ ಹೆಸರನ್ನಿತ್ತುದು 1915ರಲ್ಲಿ.

ಇಂದಿನ ಪಾಠಗಳ ದೋಷವು ಇನ್ನೊಂದು ಬಗೆಯದು. ಕೋಶದ ಮರಣವನ್ನು ‘ಆತ್ಮಬಲಿ’ಯೆಂದು ವರ್ಣಿಸಿ, ಬಾರಕೂರಿನ ವೀರಗಲ್ಲುಗಳ ಸಾಲಿಗೆ ಅದನ್ನೂ ಸೇರಿಸಿಬಿಡುತ್ತೇವೆ. ಚರಿತ್ರೆಯ ಅಧ್ಯಾಪಕನಿಗೆ ಈ ಉಪಮೆ ಒಗ್ಗದು. ವೀರಗಲ್ಲು ಮಡಿದವನನ್ನು ಕೊಂಡಾಡುತ್ತದೆಯೇ ಹೊರತು ದಂಡಿಗೆ ಬುತ್ತಿಯನ್ನೂ ಬಾಣವನ್ನೂ ಹೊತ್ತವರನ್ನು ಸ್ಮರಿಸುವುದಿಲ್ಲ. ಕೋಶದೊಳಗಾದರೋ ಕಾರ್ಯವೆಲ್ಲ ಈ ಹೊರೆಯಾಳುಗಳದೇ. ಪೊರೆಯಿಂದಾದ ಅತಿಸೂಕ್ಷ್ಮ ಸಂಚಿಗಳು ಕಿಣ್ವಗಳನ್ನೂ ಗೋಡೆ ಕಟ್ಟುವ ದ್ರವ್ಯಗಳನ್ನೂ ಹೊತ್ತು, ತಕ್ಕ ಸ್ಥಳದ ಪೊರೆಯೊಡನೆ ಬೆರೆತು, ಹೊರೆಯನ್ನು ಇಳಿಸುತ್ತವೆ. ಕೋಶದ ನಡುವಿನ ರಸದಾನಿಗೆ ಜೀರ್ಣಕಾರಿ ಕಿಣ್ವಗಳು ಸೇರುವುದೂ ಇದೇ ಸಾಗಣೆಯಿಂದ. ಜಪಾನಿನ ಸಂಶೋಧಕರು 2004ರಲ್ಲಿ ತೋರಿಸಿದಂತೆ, ಹೊಗೆಸೊಪ್ಪಿನ ಗಿಡಕ್ಕೆ ವೈರಸ್ಸು ತಗಲಿದಾಗ ರಸದಾನಿಯು ಕೋಶದೊಳಗೇ ಕುಸಿಯುತ್ತದೆ. ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಗಿಡಕ್ಕೆ ಬ್ಯಾಕ್ಟೀರಿಯಾ ತಗಲಿದಾಗಲಾದರೋ, ಅವರು 2009ರಲ್ಲಿ ಕಂಡಂತೆ, ರಸದಾನಿಯ ಪೊರೆಯು ಕೋಶಪೊರೆಯೊಡನೆ ಬೆಸೆದು ಒಳಗಿನ ರಸವನ್ನು ಹೊರಚೆಲ್ಲುತ್ತದೆ. ಶತ್ರುವು ಮೊದಲನೆಯದರಲ್ಲಿ ಒಳಗಿದ್ದಾನೆ, ಎರಡನೆಯದರಲ್ಲಿ ಕೋಶಗಳ ನಡುವಣ ತೆರಪಿನಲ್ಲಿದ್ದಾನೆ. ಮರಣದ ರೀತಿಯೂ ಅದಕ್ಕೆ ತಕ್ಕಂತೆ ಬೇರೆಯಾಗುತ್ತದೆ. ‘ಬಲಿ’ ಎಂಬ ಒಂದೇ ಮಾತು ಈ ಭೇದವನ್ನು ಮುಚ್ಚಿಬಿಡುತ್ತದೆ.

ಕೊಳೆರೋಗದ ವಿಷಯದಲ್ಲಿ ಈ ಎಚ್ಚರವು ಇನ್ನೂ ಅಗತ್ಯ. ಇದನ್ನುಂಟುಮಾಡುವ ಫೈಟಾಫ್ಥೊರಾ ಕುಲವನ್ನು ಇಂದು ನಿಜವಾದ ಶಿಲೀಂಧ್ರಗಳಲ್ಲಿ ಎಣಿಸುವುದಿಲ್ಲವೆಂಬುದು ಹಾಗಿರಲಿ. ಆಲೂಗಡ್ಡೆಗೆ ಅಂಗಮಾರಿಯನ್ನು ತರುವ ಅದೇ ಕುಲದ ಜೀವಿಯು, ಸಂಚಿಗಳನ್ನು ಕೋಶಪೊರೆಗೆ ಕಟ್ಟಿನಿಲ್ಲಿಸುವ ಸೆಕ್5 ಎಂಬ ಪ್ರೋಟೀನಿಗೇ ತನ್ನದೊಂದು ಪ್ರೋಟೀನನ್ನು ಅಂಟಿಸಿ ಸಾಗಣೆಯನ್ನು ಕೆಡಿಸುತ್ತದೆ. ಮೊದಲು ಅದು ಜೀವಂತ ಕೋಶವನ್ನು ಉಣ್ಣುತ್ತದೆ. ಆಗ ಕೋಶವು ಸತ್ತರೆ ಅದಕ್ಕೆ ಉಪವಾಸ. ಬಳಿಕ ತಾನೇ ಕೋಶಗಳನ್ನು ಕೊಂದು ಉಣ್ಣುತ್ತದೆ. ಆಗಿನ ಸಾವು ಅದಕ್ಕೆ ಔತಣ. ಆಷಾಢದಲ್ಲಿ ಕಾರ್ಕಳದ ತೋಟಗಳ ನೆಲದ ಮೇಲೆ ಉದುರಿ ಬೆಳ್ಳಗೆ ಬೂಸಲು ಹಿಡಿದಿರುವ ಕಾಯಿಗಳಲ್ಲಿ ಕಾಣುವುದು ಈ ಎರಡನೆಯ ಸಾವು. ಅದಕ್ಕೆ ವೀರಗಲ್ಲು ನೆಡುವಂತಿಲ್ಲ.