ಸಿಂಕಿಯ ಹೆರಿಗೆ ಯಾರ ಗುಟ್ಟು?

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ಕಾದಂಬರಿಯನ್ನು ನಮ್ಮ ವಿಮರ್ಶೆ ಓದಿರುವುದು ಬ್ರಾಹ್ಮಣ ವಿಧವೆಯೊಬ್ಬಳ ಕತೆ ಎಂದು. ತಪ್ಪೇನಲ್ಲ. ಬಾಲ್ಯದಲ್ಲೇ ಗಂಡ ಸತ್ತು, ಮೈನೆರೆದ ಮೇಲೆ ತಲೆ ಬೋಳಿಸಿಕೊಂಡು, 112 ವರ್ಷ ಬದುಕಿ 1952ರಲ್ಲಿ ತೀರಿಕೊಂಡ ನಿಜವಾದ ಹೆಂಗಸಿನ ಬದುಕು ಅದು. ಅವಳು ಹೇಳಿದ್ದನ್ನು ಲೇಖಕಿಯ ತಾಯಿ ಕೇಳಿ, ತಾಯಿ ಹೇಳಿದ್ದನ್ನು ಮಗಳು ಬರೆದದ್ದು. ಅಕ್ಕತಂಗಿಯರು, ಸೊಸೆಯರು, ಹೆಣ್ಣುಮಕ್ಕಳು ತುಂಬಿದ ಮನೆಯ ಗುಟ್ಟುಗಳು ಹೆಂಗಸರ ಬಾಯಿಂದ ಬಾಯಿಗೆ ದಾಟಿ ಅಚ್ಚಾಗಿವೆ. 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದ ಮೇಲಂತೂ ಈ ಮುದುಕಿ ಎಲ್ಲರ ಮನೆ ಅಜ್ಜಿಯಾದಳು. ಕೇರಿಯವರ ಅಜ್ಜಿಯೂ ಆದಳೆ?

ಕಾದಂಬರಿಯಲ್ಲಿ ಕೇರಿಯ ಸಿಂಕಿಗೆ ಹೆರಿಗೆ ಕಷ್ಟವಾಗುತ್ತದೆ. ಸೂಲಗಿತ್ತಿಯ ಕೈ ದಪ್ಪ, ಫಣಿಯಮ್ಮನ ಕೈ ಸಣ್ಣದು. ಮಡಿ ಹೆಂಗಸು ಗುಟ್ಟಾಗಿ ಹೋಗಿ ಕೂಸನ್ನು ಈಚೆಗೆ ತೆಗೆಯುತ್ತಾಳೆ. ಪುರೋಹಿತಶಾಹಿಯ ನಡುಮನೆಯಲ್ಲೇ ಬೆಳೆದ ಹೆಣ್ಣು ಮಡಿಯನ್ನು ಹೀಗೆ ದಾಟಿದ್ದು ಸಣ್ಣ ಮಾತಲ್ಲ. ಆದರೆ ಒಂದು ಪ್ರಶ್ನೆ ಎತ್ತಲೇಬೇಕು. ಈ ಗುಟ್ಟು ಯಾರದು? ಮುಚ್ಚಿಡಬೇಕಾಗಿದ್ದು ಅಗ್ರಹಾರದಿಂದ. ಕೇರಿಗೆ ಅದು ಗುಟ್ಟೇ ಅಲ್ಲ, ತಾಯಿ ಮಗು ಉಳಿದ ಸುದ್ದಿ. ಕೇರಿ ಬಾಯಿ ಬಿಟ್ಟಿದ್ದರೆ ಫಣಿಯಮ್ಮನ ಗತಿ ಏನಾಗುತ್ತಿತ್ತು? ಅವಳು ಜೀವ ಉಳಿಸಿದಳು. ಕೇರಿ ಸುಮ್ಮನಿದ್ದು ಅವಳ ಮಾನ ಉಳಿಸಿತು. ಮೊದಲನೆಯ ಉಪಕಾರವನ್ನು ವಿಮರ್ಶಕರು ಕೊಂಡಾಡಿದ್ದಾರೆ. ಎರಡನೆಯದು ಯಾರ ಲೆಕ್ಕಕ್ಕೂ ಬಂದಿಲ್ಲ.

ತೀರ್ಥಹಳ್ಳಿಯ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ನಮ್ಮ ಹರಿಹರಕ್ಕೆ ಬರುತ್ತಾಳೆ. ಇಲ್ಲಿ, ನಂದಿಗುಡಿಯಂಥ ಬಯಲುಸೀಮೆಯ ಊರುಗಳ ಕಡೆಯಿಂದ ನೋಡಿದರೆ ಚಿತ್ರ ತಿರುವುಮುರುವಾಗುತ್ತದೆ. ಕೇರಿಯ ಮುದುಕಿಯರು ಮೇಲ್ಜಾತಿ ಮನೆಗಳಿಗೆ ಹೋಗಿ ಎಷ್ಟು ಹೊಕ್ಕಳುಬಳ್ಳಿ ಕೊಯ್ದರೋ! ಇವರು ಮುಟ್ಟಿದ್ದು ಯಾರಿಗೂ ಗುಟ್ಟಲ್ಲ, ತ್ಯಾಗವೂ ಅಲ್ಲ, ಬಿಟ್ಟಿ ಚಾಕರಿ. ಹುಟ್ಟೋ ಕೂಸನ್ನ ಮುಟ್ಟಬಹುದು, ಅದೇ ಕೂಸು ನಡೆಯೋಕೆ ಕಲಿತ ಮೇಲೆ ಮುಟ್ಟಂಗಿಲ್ಲ. ಅಗ್ರಹಾರದ ಕೈ ಒಮ್ಮೆ ಕೇರಿಗೆ ಇಳಿದರೆ ಅದು ಸಾಹಿತ್ಯ. ಕೇರಿಯ ಕೈ ದಿನಾ ಮೇಲೇರಿದರೂ ಯಾಕೆ ಕತೆಯಾಗಲಿಲ್ಲ?

ಇಂದಿರಾ ಅವರನ್ನು ಕಟಕಟೆಯಲ್ಲಿ ನಿಲ್ಲಿಸುವುದಕ್ಕೆ ಈ ಮಾತು ಹೇಳುತ್ತಿಲ್ಲ. ತನ್ನ ಮನೆತನದ ಹುಳುಕನ್ನು ಹೀಗೆ ಬಯಲಿಗಿಟ್ಟವರು ಕಡಿಮೆ. ತಲೆ ಬೋಳಿಸಿಕೊಳ್ಳಲು ಒಪ್ಪದ ದಾಕ್ಷಾಯಿಣಿಯ ಬೆನ್ನಿಗೆ ಮುದುಕಿ ನಿಲ್ಲುವುದು ಕೃತಿಯ ಗಟ್ಟಿ ಭಾಗ. ಆದರೆ ಬಿಡುಗಡೆ ಅಜ್ಜಿಯಿಂದ ಮೊಮ್ಮಗಳ ಪೀಳಿಗೆಗೆ ದಾಟುವುದು ಆ ಮನೆಯೊಳಗೆ. ಸಿಂಕಿ ಒಂದು ಪ್ರಸಂಗವಷ್ಟೆ.

ಹರಿಹರದವರೇ ಆದ ಬಿ. ಕೃಷ್ಣಪ್ಪ ಕಟ್ಟಿದ ದಲಿತ ಸಂಘರ್ಷ ಸಮಿತಿ 1986ರಲ್ಲಿ ಸೊರಬ ಸೀಮೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯ ವಿರುದ್ಧ ನಿಂತಿತು. ಅದೇ ಮಲೆನಾಡು ಜಿಲ್ಲೆ. ಅಲ್ಲಿ ಒಬ್ಬಳ ಕೈ ಸೋಕಿದ್ದೇ ಜೀವನಪೂರ್ತಿ ಗುಟ್ಟು. ಇಲ್ಲಿ ಬಡ ಹೆಣ್ಣುಮಕ್ಕಳ ಇಡೀ ಮೈ ಜಾತ್ರೆಯ ಕಣ್ಣಿಗೆ ಬಯಲು. ಯಾವ ಹೆಣ್ಣು ಗುಟ್ಟು ಇಟ್ಟುಕೊಳ್ಳಬಹುದು ಎನ್ನುವುದನ್ನೂ ಜಾತಿಯೇ ತೀರ್ಮಾನಿಸುತ್ತದೆ. 'ಫಣಿಯಮ್ಮ'ನನ್ನು ಬರೇ ಸ್ತ್ರೀಸಂವೇದನೆಯ ಕೃತಿ ಎಂದು ಓದಿದರೆ ಇದು ಕಾಣುವುದಿಲ್ಲ.

ಫಣಿಯಮ್ಮನ ಮಾತು ಉಳಿಯಲು ಅಕ್ಷರ ಬಲ್ಲ ಮನೆಯಿತ್ತು. ಸಿಂಕಿ ತನ್ನ ಕೂಸಿಗೆ ಆ ಹೆರಿಗೆಯ ಬಗ್ಗೆ ಏನು ಹೇಳಿರಬಹುದು? ಕಾಲೇಜಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ಕೇರಿಯಲ್ಲಿ ಇನ್ನೂ ಉಳಿದಿರುವ ಸೂಲಗಿತ್ತಿಯರ ಮುಂದೆ ಕೂತು ಕೇಳಿ ಬರೆದುಕೊಳ್ಳಲಿ. ಊರಿನ ಎಲ್ಲ ಮನೆಗಳ ಗುಟ್ಟು ಬಲ್ಲವರು ಅವರು. ಎಷ್ಟು ಹೇಳಬೇಕು, ಎಷ್ಟು ಬಿಡಬೇಕು ಅನ್ನೋದು ಆ ಅವ್ವಂದಿರಿಗೇ ಇರಲಿ.